ಉಪ್ಪು-ಖಾರ ಬಿಟ್ಟರೆ ವೈರಾಗ್ಯವೇ?

ಪ್ರಶ್ನೆ: ನಿವೃತ್ತರಾದ ಮೇಲೆ ನನ್ನ ಯಜಮಾನರು ‘ಇನ್ನು ಮನೆಯಲ್ಲೇ ಸಂನ್ಯಾಸಿಯಂತೆ ಇರುತ್ತೇನೆ’ ಎಂದು ಉಪ್ಪು, ಖಾರ, ಸಿಹಿ ಬಿಟ್ಟಿದ್ದಾರೆ. ಅವರಿಗೆ ಬೇರೆ ಅಡಿಗೆ ಮಾಡುತ್ತೇನೆ. ಸ್ವಲ್ಪ ಹೆಚ್ಚುಕಡಿಮೆಯಾದರೂ ತಟ್ಟೆ ಸರಿಸಿ ಏಳುತ್ತಾರೆ. ಮಾತೂ ಕಡಿಮೆ. ಅವರ ಸಾಧನೆಗೆ ನಾನು ಅಡ್ಡಿಯೇ?
— ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ಖಂಡಿತ ಅಲ್ಲ ತಾಯಿ. ಯಜಮಾನರ ಉದ್ದೇಶವೂ ಒಳ್ಳೆಯದೇ. ಆದರೆ ಯತಿಧರ್ಮದಲ್ಲಿ ನಾಲಿಗೆಯ ನಿಗ್ರಹ ಹೇಗಿದೆ ಅಂತ ಸ್ವಲ್ಪ ತಿಳಿಯೋಣ.

ಸಂನ್ಯಾಸ ಸ್ವೀಕರಿಸುವವರು ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಂಡು, ವಿರಜಾಹೋಮ ಮುಗಿಸಿ, ಅಗ್ನಿಯನ್ನು ಬಿಡುತ್ತಾರೆ. ಅಗ್ನಿ ಬಿಟ್ಟವರಿಗೆ ಸ್ವಂತ ಅಡಿಗೆ ಎಲ್ಲಿಯದು? ಭಿಕ್ಷೆಯೇ ಗತಿ. ದುಂಬಿಯು ಹೂವಿಗೆ ನೋವಾಗದಂತೆ ಜೇನು ತರುವ ಹಾಗೆ ಮನೆಮನೆಯಿಂದ ಸ್ವಲ್ಪಸ್ವಲ್ಪ ಪಡೆಯುವುದೇ ಮಾಧುಕರೀ ಭಿಕ್ಷೆ. ಒಂದು ಮನೆಯದು ಸಪ್ಪೆ, ಇನ್ನೊಂದರದು ಖಾರ. ‘ಇದು ಬೇಡ, ಅದು ಕೊಡಿ’ ಅನ್ನುವಂತಿಲ್ಲ. ರುಚಿಯನ್ನು ಆರಿಸುವ ಹಕ್ಕನ್ನೇ ಯತಿಗಳು ಬಿಟ್ಟಿರುತ್ತಾರೆ. ಸಪ್ಪೆಯೇ ಬೇಕು ಅನ್ನುವುದೂ ನಾಲಿಗೆಯ ಹಠವೇ ಅಲ್ಲವೇ?

ಭಾಗವತದ 11ನೇ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಗುರುಗಳನ್ನು ಹೇಳುವಾಗ ಗಾಳಕ್ಕೆ ಸಿಕ್ಕ ಮೀನನ್ನೂ ಸೇರಿಸುತ್ತಾನೆ. ಆಹಾರ ಬಿಟ್ಟರೆ ಉಳಿದ ಇಂದ್ರಿಯಗಳು ತಗ್ಗುತ್ತವೆ, ನಾಲಿಗೆಯ ಆಸೆ ಮಾತ್ರ ಬೆಳೆಯುತ್ತದೆ ಎಂಬುದು ಅವನು ಕಲಿತ ಪಾಠ. ತಟ್ಟೆ ಸರಿಸುವ ಸಿಟ್ಟಿನ ಮೂಲವೂ ಇಲ್ಲೇ ಇದೆ.

ಗೃಹಸ್ಥರಿಗೆ ಹಿರಿಯರು ಚಾತುರ್ಮಾಸ್ಯ ವ್ರತದ ದಾರಿ ಹಾಕಿಕೊಟ್ಟಿದ್ದಾರೆ. ಆಷಾಢ ಶುದ್ಧ ಏಕಾದಶಿಯಿಂದ ಕ್ರಮವಾಗಿ ಒಂದೊಂದು ತಿಂಗಳು ತರಕಾರಿ-ಸೊಪ್ಪು, ಮೊಸರು, ಹಾಲು, ದ್ವಿದಳ ಧಾನ್ಯ ಬಿಡುವುದು. ಸಂಕಲ್ಪವೂ ಉಂಟು, ಸಮಾಪ್ತಿಯೂ ಉಂಟು. ದಂಪತಿಗಳು ಸೇರಿ ಹಿಡಿಯಿರಿ. ಇಬ್ಬರಿಗೂ ಒಂದೇ ಅಡಿಗೆ ಸಾಕು. ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ. ಆಯಾ ಮನೆತನದ ಸಂಪ್ರದಾಯದಂತೆ ನಿಯಮದಲ್ಲಿ ವ್ಯತ್ಯಾಸವಿದ್ದರೆ ಅದನ್ನೇ ಅನುಸರಿಸಿ.

ಮಾತಿನ ವಿಷಯ. ಯಾಜ್ಞವಲ್ಕ್ಯರು ಮನೆ ಬಿಡುವ ಮುನ್ನ ಪತ್ನಿ ಮೈತ್ರೇಯಿಗೆ ವಿಷಯ ತಿಳಿಸಿ, ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರೆಂದು ಬೃಹದಾರಣ್ಯಕದಲ್ಲಿದೆ. ಮನೆಯಲ್ಲೇ ಇರುವವರು ಮಾತು ಬಿಡಲು ಕಾರಣವೇ ಇಲ್ಲ.

ಅನ್ನವನ್ನು ನಿಂದಿಸದಿರುವುದನ್ನೇ ತೈತ್ತಿರೀಯದ ಭೃಗುವಲ್ಲಿ ಒಂದು ವ್ರತವೆಂದು ಹೇಳಿದೆ. ಯಜಮಾನರು ನಾಳೆಯಿಂದಲೇ ಇದನ್ನು ಹಿಡಿಯಲಿ: ಪರಿಷೇಚನೆ ಮಾಡಿ, ನೀವು ಬಡಿಸಿದ್ದನ್ನು ಹೆಸರಿಡದೆ ಉಣ್ಣಲಿ. ಉಪ್ಪು ಬಿಡುವುದಕ್ಕಿಂತ ಇದು ಕಷ್ಟ. ಈ ಪುಟವನ್ನು ಅವರಿಗೂ ಓದಲು ಕೊಡಿ. ಶುಭವಾಗಲಿ.