ಗಣಕಯಂತ್ರದ ದಿಡ್ಡಿ ಬಾಗಿಲುಗಳು

ಗದ್ವಾಲದ ಕೋಟೆಯನ್ನು ನೋಡಿಬಂದ ವಿದ್ಯಾರ್ಥಿಗಳಿಗೆ ಒಂದು ಮಾತು ಬೇಗ ತಿಳಿದೀತು. ಗೋಡೆ ಎಷ್ಟೇ ದಪ್ಪವಿರಲಿ, ಕಾವಲುಗಾರನ ಚಿಂತೆಯೆಲ್ಲ ಬಾಗಿಲಿನದೇ. ಅದರಲ್ಲೂ ಎಲ್ಲರೂ ಓಡಾಡುವ ಹೆಬ್ಬಾಗಿಲಿಗಿಂತ ಯಾರೂ ನೆನಪಿಡದ ದಿಡ್ಡಿ ಬಾಗಿಲಿನದೇ ಹೆಚ್ಚು ಭಯ. ಇಂಟರ್ನೆಟ್ಟಿನಲ್ಲಿಯೂ ಹೀಗೆಯೇ.

ಇಂಟರ್ನೆಟ್ಟಿಗೆ ಸೇರಿದ ಯಂತ್ರಕ್ಕೆ ಮನೆ ನಂಬರಿನಂತೆ ಒಂದು ವಿಳಾಸವುಂಟು. ಅದೇ ವಿಳಾಸಕ್ಕೆ ಬಗೆಬಗೆಯ ಕೆಲಸದ ಸಂದೇಶಗಳು ಬರುವುದರಿಂದ, ಯಾವುದು ಯಾವ ಕೆಲಸದ್ದೆಂದು ಗುರುತಿಸಲು 0ಯಿಂದ 65535ರವರೆಗಿನ ಒಂದು ಸಂಖ್ಯೆ ಜೊತೆಗಿರುತ್ತದೆ. ಇದೇ ಪೋರ್ಟ್. ಮೋಡೆಮಿನ ಹಿಂದೆ ತಂತಿ ಸಿಕ್ಕಿಸುವ ತೂತು ಬೇರೆ, ಇದು ಬೇರೆ. ಇದು ಬರಿಯ ಅಂಕಿ. ಸುರಕ್ಷಿತ ಜಾಲತಾಣಕ್ಕೆ 443, ಮಿಂಚಂಚೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಲು 25, ವಿಂಡೋಸ್ ಗಣಕಗಳು ಕಡತ ಹಂಚಿಕೊಳ್ಳಲು 445.

ಈ 445 ಒಂದೇ ಕಚೇರಿಯೊಳಗಿನ ವ್ಯವಹಾರ. ಊರಾಚೆಯವರು ಅದನ್ನು ತಟ್ಟಲು ಕಾರಣವೇ ಇಲ್ಲ. ಆದರೆ 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಈ ಬಾಗಿಲಿನಿಂದಲೇ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಹಣ ಕೇಳಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚಿಯಲ್ಲಿಯೇ ತೇಪೆ ಕೊಟ್ಟಿತ್ತು, ಹಾಕಿಕೊಂಡಿರದವರು ಬಹಳ. ಸಂಪರ್ಕ ಒದಗಿಸುವ ಸಂಸ್ಥೆ ಇಂಥ ಪೋರ್ಟನ್ನು ದಾರಿಯಲ್ಲೇ ತಡೆದರೆ, ಮೈಮರೆತ ಗ್ರಾಹಕನೂ ಬದುಕಿಕೊಳ್ಳುತ್ತಾನೆ.

25ರ ಕಥೆ ತಿರುವುಮುರುವು. ಇಲ್ಲಿ ಕಳ್ಳ ಒಳಗಿನಿಂದ ಹೊರಗೆ ಹೋಗುತ್ತಾನೆ. ಸೋಂಕು ತಗಲಿದ ಮನೆಯ ಗಣಕ ಯಜಮಾನನಿಗೆ ಅರಿವಿಲ್ಲದಂತೆ ಸಾವಿರಾರು ಮೋಸದ ಪತ್ರ ಕಳಿಸಬಲ್ಲದು. ಆಗ ಆ ಸಂಸ್ಥೆಯ ವಿಳಾಸಗಳೇ ಕಪ್ಪುಪಟ್ಟಿಗೆ ಸೇರಿ, ನೆರೆಮನೆಯವರ ನಿಜವಾದ ಪತ್ರವೂ ತಿರಸ್ಕಾರವಾಗುತ್ತದೆ. ಆದ್ದರಿಂದ ಅನೇಕ ಸಂಸ್ಥೆಗಳು ಮನೆಯ ಸಂಪರ್ಕಗಳಿಗೆ 25ನ್ನು ಮುಚ್ಚಿ, ಪಾಸ್‌ವರ್ಡ್ ಕೇಳುವ 587ನ್ನು ಬಿಡುತ್ತವೆ.

ನಮ್ಮ ಪಕ್ಕದ ಕರ್ನಾಟಕದ್ದೇ ಒಂದು ಸಂಗತಿ. 2017ರ ಜುಲೈಯಲ್ಲಿ ಅಲ್ಲಿನ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಸಾವಿರಾರು ಮೋಡೆಮುಗಳು ಕೆಟ್ಟುನಿಂತವು. ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೆ ಇಟ್ಟವರ ಮೋಡೆಮುಗಳವು. ಮೋಡೆಮನ್ನು ದೂರದಿಂದ ಸರಿಪಡಿಸಲೆಂದೇ ಇರುವ 7547ನೆಯ ಪೋರ್ಟು ಹೊರಗಿನವರಿಗೂ ತೆರೆದಿತ್ತೆಂದು ಆಗಿನ ವರದಿಗಳು ಹೇಳಿದವು. ಮೇಸ್ತ್ರಿಗೆಂದು ಬಿಟ್ಟ ಹಿತ್ತಿಲ ಬಾಗಿಲಿನಿಂದ ಕಳ್ಳ ಬಂದಂತೆ! ಅದಕ್ಕೆ ಮೊದಲು, 2016ರ ನವೆಂಬರಿನಲ್ಲಿ, ಜರ್ಮನಿಯ ಸುಮಾರು 9 ಲಕ್ಷ ಮನೆಗಳ ಸಂಪರ್ಕ ಕಡಿದದ್ದೂ ಇದೇ ಪೋರ್ಟಿನ ಮೇಲಿನ ದಾಳಿಯಿಂದ.

ಮುಚ್ಚುವುದರಿಂದ ತೊಂದರೆಯೂ ಉಂಟು. ಮನೆಯಲ್ಲಿ ಸ್ವಂತ ಸರ್ವರ್ ಇಟ್ಟು ಕಲಿಯುವ ಹುಡುಗನಿಗೆ, ಅಂಗಡಿಯ ಕ್ಯಾಮೆರಾವನ್ನು ದೂರದಿಂದ ನೋಡಬಯಸುವ ವ್ಯಾಪಾರಿಗೆ, ಕೆಲಸವೇಕೆ ನಡೆಯುತ್ತಿಲ್ಲವೆಂದು ತಿಳಿಯುವುದೇ ಇಲ್ಲ. ಮುಚ್ಚಿದ ಸಂಸ್ಥೆ ಅದನ್ನು ಗ್ರಾಹಕನಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಇನ್ನು 443ನ್ನಂತೂ ಮುಚ್ಚುವಂತಿಲ್ಲ, ಮುಚ್ಚಿದರೆ ಪರೀಕ್ಷೆಯ ಫಲಿತಾಂಶವೂ ಕಾಣದು. ಬಹುಮಾನ ಬಂದಿದೆಯೆಂದು ನಂಬಿಸುವ ಲಿಂಕುಗಳು ಬರುವುದು ಆ ಹೆಬ್ಬಾಗಿಲಿನಿಂದಲೇ. ಅಲ್ಲಿ ಕಾವಲು ಮನೆಯವರದು. ಪೋಷಕರು ಇಂದು ಸಂಜೆ ಮೋಡೆಮನ್ನು ಮಗುಚಿ, ಅಡಿಯ ಚೀಟಿಯಲ್ಲಿರುವ ಪಾಸ್‌ವರ್ಡೇ ಈಗಲೂ ನಡೆಯುತ್ತಿದೆಯೇ ಎಂದು ಮಕ್ಕಳೊಡನೆ ಕುಳಿತು ನೋಡಲಿ.