ಹಿಮದ ಊರಿಗೆ ಚಳಿಗಾಲದ ದಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನರಿಗೆ ಚಳಿಗಾಲವೆಂದರೆ ಎಳ್ಳಮಾವಾಸ್ಯೆಯ ಚರಗ, ಸೀತನಿಯ ಸವಿ ಮತ್ತು ನಸುಕಿನಲ್ಲಿ ಜೋಳದ ಗರಿಗಳ ಮೇಲೆ ನಿಲ್ಲುವ ಇಬ್ಬನಿ. ಹೊತ್ತೇರಿದೊಡನೆ ಆ ಚಳಿ ಕರಗಿಹೋಗುತ್ತದೆ. ಯಾರ ದಾರಿಯನ್ನೂ ಕಟ್ಟುವುದಿಲ್ಲ. ಹಿಮಾಲಯದ ಚಳಿಗಾಲ ಹಾಗಲ್ಲ. ಅಲ್ಲಿ ಊರು ಎಷ್ಟು ದೂರ ಎಂಬುದಕ್ಕಿಂತ, ದಾರಿ ಇಂದು ತೆರೆದಿದೆಯೇ, ಹೊತ್ತು ಮುಳುಗುವ ಮೊದಲು ತಲುಪಬಹುದೇ ಎಂಬ ಪ್ರಶ್ನೆಯೇ ದೊಡ್ಡದು.

ಈ ಸೀಮೆಯ ಭಕ್ತರಿಗೆ ಹಿಮಾಲಯ ತೀರ ಅಪರಿಚಿತವೇನೂ ಅಲ್ಲ. ಕೇದಾರನಾಥದ ರಾವಲರು ವೀರಶೈವ ಪರಂಪರೆಗೆ ಸೇರಿದವರು. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠವು ಊಖೀಮಠದಲ್ಲಿದೆ. ಕೇದಾರನಾಥವು ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಅಲ್ಲಿ ವಾಸ ದುಸ್ತರ. ಆದ್ದರಿಂದ ದೀಪಾವಳಿಯ ತರುವಾಯ ಬರುವ ಭಾವುಬೀಜದಂದು ದೇವಾಲಯದ ಬಾಗಿಲು ಮುಚ್ಚುತ್ತಾರೆ. ಉತ್ಸವಮೂರ್ತಿಯ ಡೋಲಿಯು ರಾಮಪುರ, ಗುಪ್ತಕಾಶಿಗಳಲ್ಲಿ ಒಂದೊಂದು ರಾತ್ರಿ ತಂಗಿ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ದೇವಾಲಯವನ್ನು ಸೇರುತ್ತದೆ. ಆರು ತಿಂಗಳ ಪೂಜೆಯೆಲ್ಲ ಅಲ್ಲಿಯೇ. ಹಿಮದೊಡನೆ ಹಟ ಹಿಡಿಯದೆ, ದೇವರೇ ಕೆಳಗಿಳಿದು ಬರುವ ಈ ಪದ್ಧತಿಯು ಪರ್ವತವಾಸಿಗಳ ಅನುಭವದಿಂದ ಮೂಡಿದ್ದು. ಇದನ್ನರಿಯದೆ ಜನವರಿಯಲ್ಲಿ ಕೇದಾರದರ್ಶನಕ್ಕೆಂದು ಹೊರಡುವವರಿಗೆ ದೊರೆಯುವುದು ಮುಚ್ಚಿದ ಬಾಗಿಲು ಮಾತ್ರ.

ದಾರಿಯ ಮೊದಲರ್ಧ ಸುಲಭ. ಗದಗ–ಹೋಟಗಿ ಮಾರ್ಗದ ಆಲಮಟ್ಟಿ, ಬಸವನ ಬಾಗೇವಾಡಿ ರೋಡ್ ಅಥವಾ ಇಂಡಿ ರೋಡ್ ನಿಲ್ದಾಣದಿಂದ ಸೊಲ್ಲಾಪುರದ ಕಡೆಗೆ ಹೋಗಬಹುದು. ಸಿಂದಗಿಗೆ ರೈಲು ಇಲ್ಲವಾದ್ದರಿಂದ ಅಲ್ಲಿಯವರು ಬಸ್ಸಿನಲ್ಲಿ ವಿಜಯಪುರಕ್ಕೋ ಕಲಬುರಗಿಗೋ ಹೋಗಬೇಕು. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರಗಳ ಮೇಲಿಂದಲೇ ದೆಹಲಿಗೆ ಹೋಗುತ್ತದೆ. ಮುಂದೆ ಹರಿದ್ವಾರ, ಋಷಿಕೇಶ.

ಋಷಿಕೇಶದಿಂದ ಲೆಕ್ಕಾಚಾರವೇ ಬೇರೆ. ಬಯಲುಸೀಮೆಯಲ್ಲಿ 180 ಕಿಲೋಮೀಟರ್ ಎಂದರೆ ಅರ್ಧ ದಿನದ ಮಾತು. ಊಖೀಮಠಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರವಾದರೂ ಇಡೀ ಹಗಲು ಬೇಕಾಗುತ್ತದೆ. ವಾಹನಗಳು ನಸುಕಿನಲ್ಲೇ ಹೊರಡುತ್ತವೆ. ಮಧ್ಯಾಹ್ನ ಬಂದವನು ಅಂದು ಋಷಿಕೇಶದಲ್ಲೇ ತಂಗುವುದು ಲೇಸು. ದೇವಪ್ರಯಾಗ, ಶ್ರೀನಗರಗಳನ್ನು ದಾಟಿ ರುದ್ರಪ್ರಯಾಗಕ್ಕೆ ಬಂದರೆ ದಾರಿ ಕವಲೊಡೆಯುತ್ತದೆ: ಮಂದಾಕಿನಿಯ ಗುಂಟ ಊಖೀಮಠ, ಅಲಕನಂದೆಯ ಗುಂಟ ಚಮೋಲಿ, ಜೋಶಿಮಠ ಮತ್ತು ಅದರ ಮೇಲಿನ ಔಲಿ. ಊಖೀಮಠದಿಂದ ಚೋಪ್ತಾ, ಗೋಪೇಶ್ವರಗಳ ಮೇಲೆ ಚಮೋಲಿಗೆ ಒಂದು ಒಳದಾರಿಯೂ ಇದೆ. ನಕಾಶೆಯಲ್ಲಿ ಅದೇ ಹತ್ತಿರ. ಆದರೆ ಚೋಪ್ತಾ 2,600 ಮೀಟರಿಗೂ ಎತ್ತರದಲ್ಲಿದೆ. ಹಿಮ ಬಿದ್ದಾಗ ಆ ದಾರಿ ಕಟ್ಟುತ್ತದೆ, ರುದ್ರಪ್ರಯಾಗಕ್ಕೆ ಇಳಿದು ಸುತ್ತಿ ಬರಬೇಕಾಗುತ್ತದೆ. ನಕಾಶೆಯನ್ನು ನಂಬಿ ಹೊರಡುವವರು ಮೊದಲು ಊಖೀಮಠದ ಜೀಪಿನ ಚಾಲಕರನ್ನು ಕೇಳುವುದೊಳಿತು.

ಔಲಿಯು ಸುಮಾರು 2,500ರಿಂದ 3,000 ಮೀಟರ್ ಎತ್ತರದ ಇಳಿಜಾರು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮಕ್ರೀಡೆಗಳು ಇಲ್ಲಿ ನಡೆದವು. ಹಿಮದ ಮೇಲೆ ಜಾರುವ ಸ್ಕೀ ಎಂಬುದು ಉದ್ದನೆಯ ಪಟ್ಟಿ. ಎರೆಹೊಲದಲ್ಲಿ ಹೆಂಟೆ ಒಡೆಯಲು ಎಳೆಸುವ ಕೊರಡಿನ ಮೇಲೆ ನಿಂತವನ ಕಾಲು ಮಣ್ಣಿನಲ್ಲಿ ಹೂಳುವುದಿಲ್ಲವಷ್ಟೆ. ಮೈಭಾರ ಅಗಲವಾದ ಜಾಗಕ್ಕೆ ಹಂಚಿಹೋಗುವುದೇ ಅದಕ್ಕೆ ಕಾರಣ. ಸ್ಕೀಯ ತತ್ತ್ವವೂ ಅದೇ. ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ತೂಗುತೊಟ್ಟಿಲ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು, ನೂರಾರು ಮನೆಗಳು ಬಿರುಕುಬಿಟ್ಟಾಗ ಅದನ್ನು ನಿಲ್ಲಿಸಲಾಯಿತು. ಅಂದಿನಿಂದ ಪ್ರವಾಸಿಗರು ರಸ್ತೆಯನ್ನೇ ಅವಲಂಬಿಸಬೇಕಾಯಿತು. ಹಿಮ ಬಿದ್ದ ದಿನ ಗಾಲಿಗಳಿಗೆ ಸರಪಳಿ ಕಟ್ಟಿದ ವಾಹನವೇ ಬೇಕು. ಹಗಲು ಕರಗಿದ ನೀರು ಸಂಜೆ ಗಾಜಿನಂತೆ ಹೆಪ್ಪುಗಟ್ಟಿ, ಕರಿ ಡಾಂಬರಿನ ಮೇಲೆ ಕಣ್ಣಿಗೂ ಕಾಣುವುದಿಲ್ಲ. ನಡೆಯುವವನಿಗೂ ಅದು ಅಪಾಯವೇ. ಹೆಜ್ಜೆ ಚಿಕ್ಕದಿರಬೇಕು, ಕೈಗಳು ಜೇಬಿನಿಂದ ಹೊರಗಿರಬೇಕು.

ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಸುಮಾರು 600 ಮೀಟರ್ ಎತ್ತರದ ವಿಜಯಪುರದಿಂದ ಔಲಿಯ ನೆತ್ತಿಗೆ ಹೋದರೆ ಎತ್ತರವೊಂದರಿಂದಲೇ 15 ಡಿಗ್ರಿ ಕಡಿಮೆಯಾಯಿತು. ಉತ್ತರದ ಚಳಿ ಅದರ ಮೇಲೆ. ಇದಕ್ಕೆ ದಪ್ಪನೆಯ ಒಂದೇ ಅಂಗಿ ಸಾಲದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಏಕೆ ಬೆಚ್ಚಗಿರುತ್ತದೆಂಬುದು ಈ ನಾಡಿನ ಅಜ್ಜಿಯರಿಗೆ ಗೊತ್ತು: ಪದರಗಳ ನಡುವೆ ಸಿಕ್ಕಿದ ಗಾಳಿಯೇ ಚಳಿಯನ್ನು ತಡೆಯುತ್ತದೆ. ಆದರೆ ಮೈಗಂಟಿದ ಅರಿವೆ ಹತ್ತಿಯದಾಗಿರಬಾರದು. ಬೆವರಿಗೆ ತೊಯ್ದ ಹತ್ತಿ ಮೈಶಾಖವನ್ನು ಹೀರುತ್ತದೆ. ತೊಯ್ದರೂ ಬೆಚ್ಚಗಿಡುವುದು ಉಣ್ಣೆ. ಕುರಿಗಾಹಿಯ ಕಂಬಳಿಯೇ ಇದಕ್ಕೆ ಸಾಕ್ಷಿ. ಹೊಸ ಹಿಮವು ಬಿಸಿಲಿನ ಬಹುಭಾಗವನ್ನು ಹಿಂದಿರುಗಿಸುವುದರಿಂದ ಕಣ್ಣಿಗೆ ಕಪ್ಪು ಕನ್ನಡಕ ಅವಶ್ಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಗೆ ಇಟ್ಟು ಮಲಗುವುದು ಪ್ರಾಣಾಂತಿಕ. ಅದರಿಂದೇಳುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಎತ್ತರದಲ್ಲಿ ತಲೆನೋವು, ವಾಂತಿ ಕಾಣಿಸಿಕೊಂಡರೆ ಮತ್ತೆ ಏರಬಾರದು; ಉಲ್ಬಣಿಸಿದರೆ ಇಳಿಯಲೇಬೇಕು. ಬೇಸಿಗೆಯಲ್ಲಿಯೂ ಪರ್ವತ ಸಲಿಗೆ ಕೊಡುವುದಿಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವು ಹಿಮಗಾಳಿಗೆ ಸಿಕ್ಕಿ 9 ಜನ ಅಸುನೀಗಿದರು. ಉಳಿದವರನ್ನು ಹೊರತರಲು ಹೆಲಿಕಾಪ್ಟರುಗಳು ಬೇಕಾದವು. ಅದು ಜೋಶಿಮಠದಲ್ಲಿ ಹಿಮ ಸುರಿಯುವ ಕಾಲವಲ್ಲ, ಈ ಕಡೆ ಮುಂಗಾರಿಗೆ ಕಾಯುವ ಕಾಲ.

ಮಹಾಶಿವರಾತ್ರಿಯಂದು ಕೇದಾರದ ಬಾಗಿಲು ತೆರೆಯುವ ದಿನವನ್ನು ಊಖೀಮಠದಲ್ಲಿ ಸಾರುತ್ತಾರೆ. ಆ ಹೊತ್ತಿಗೆ ಇಂಡಿ, ಸಿಂದಗಿಗಳ ಹೊಲಗಳಲ್ಲಿ ಜೋಳದ ಸುಗ್ಗಿ ನಡೆದಿರುತ್ತದೆ. ಕೇದಾರದ ದಾರಿಯಲ್ಲಿ ಇನ್ನೂ ಹಿಮ ಕವಿದಿರುತ್ತದೆ.