ಇತ್ರೋನನ ಆಲೋಚನೆಯೂ ನಮ್ಮ ಊರ ಶಾಲೆಯೂ

ಓದತಕ್ಕ ಭಾಗಗಳು: ವಿಮೋಚನಕಾಂಡ 18:13–27, ಲೂಕ 14:28–30.



ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದನೆಂದು ಮೇಲೆ ಹೇಳಿದ ಮೊದಲನೆಯ ಭಾಗದಲ್ಲಿ ಓದುತ್ತೇವೆ. ಮಿದ್ಯಾನ್ ದೇಶದಿಂದ ಬಂದ ಅವನ ಮಾವನಾದ ಇತ್ರೋನನು ಆಗ ನಾಲ್ಕು ಕಾರ್ಯಗಳನ್ನು ಮಾಡಿದನು. ಮೊದಲು ನೋಡಿದನು, ಆಮೇಲೆ ಕಾರಣವನ್ನು ಕೇಳಿದನು, ಆಮೇಲೆ ತನಗೆ ತೋಚಿದ ಆಲೋಚನೆಯನ್ನು ಹೇಳಿದನು, ಕಡೆಗೆ ತನ್ನ ದೇಶಕ್ಕೆ ಹೊರಟುಹೋದನು. ನ್ಯಾಯಾಸನವನ್ನು ತಾನು ಏರಲಿಲ್ಲ. ಇಸ್ರಾಯೇಲ್ಯರಿಂದಲೇ ಆರಿಸಲ್ಪಟ್ಟ, ದೇವಭಯವುಳ್ಳ, ಲಂಚಕ್ಕೆ ಕೈಚಾಚದ ಮನುಷ್ಯರು ಆ ಭಾರವನ್ನು ಹೊತ್ತರು. ಅವನು ಹೋದ ಮೇಲೆಯೂ ಕೆಲಸ ನಡೆಯಿತು.

ಸ್ವಲ್ಪ ಶುಲ್ಕವನ್ನು ತಕ್ಕೊಂಡು ಬಡವರ ಮಕ್ಕಳಿಗೆ ಕಲಿಸುವ ಕ್ರೈಸ್ತ ಶಾಲೆಗಳಿಗೆ ಸಹಾಯ ಮಾಡುವ ಆಲೋಚನೆಗಾರರ ವಿಷಯವನ್ನು ಈ ಪಾಠದಲ್ಲಿ ವಿಚಾರಿಸೋಣ. ಅಂಥ ಶಾಲೆಯು ನಾಪೋಕ್ಲಿನಂಥ ಊರಿನಲ್ಲಿ ನಿಲ್ಲುವದಕ್ಕೆ ಹೊರಗಿನವರ ಬುದ್ಧಿವಾದವು ಯಾವ ವಿಷಯದಲ್ಲಿ ಸಹಾಯ, ಯಾವ ವಿಷಯದಲ್ಲಿ ಅಪಾಯ ಎಂಬದನ್ನು ತಿಳಿಯುವದು ಸಭೆಗೆ ಅವಶ್ಯ.

1. ನಮ್ಮ ದೇಶದ ಹಿಂದಿನ ಸಂಗತಿ

ಬಾಸೆಲ್ ಮಿಶನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ವರ್ಷ ಕೊಡಗು ಇಂಗ್ಲಿಷರ ವಶವಾಯಿತು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1850ರ ದಶಕದಲ್ಲಿ ಘಟ್ಟ ಹತ್ತಿ ಕೊಡಗಿಗೆ ಬಂದರು. ಆನಂದಪುರದ ಸಭೆಯು ಆ ಕಾಲದಲ್ಲಿ ಹುಟ್ಟಿತು. ಹೊಲಗದ್ದೆಗಳಲ್ಲಿ ಜೀತ ಮಾಡುತ್ತಿದ್ದ ಜನರು ಅದರಲ್ಲಿ ಸೇರಿದರು.

1854ರಲ್ಲಿ ಚಾರ್ಲ್ಸ್ ವುಡ್ ಎಂಬವರು ವಿಲಾಯಿತಿಯಿಂದ ಕಳುಹಿಸಿದ ಶಿಕ್ಷಣ ನಿರೂಪವು ಹಿಂದೂದೇಶದ ಖಾಸಗಿ ಶಾಲೆಗಳಿಗೆ ಹೊಸ ದಾರಿಯನ್ನು ತೆರೆಯಿತು. ಶಾಲೆ ಸರಕಾರದ್ದಾಗಿರದಿದ್ದರೂ, ಚೆನ್ನಾಗಿ ನಡೆದು ಪರೀಕ್ಷಕರಿಗೆ ಬಾಗಲು ತೆರೆದರೆ, ಅದಕ್ಕೆ ಸಹಾಯಧನ ಸಿಕ್ಕಬಹುದೆಂದು ನಿರ್ಣಯವಾಯಿತು. ಹೀಗೆ ಶಾಲೆಗಳನ್ನು ಸುತ್ತಿ ನೋಡುವ ಇನ್ಸ್‌ಪೆಕ್ಟರರ ಉದ್ಯೋಗ ಬೆಳೆಯಿತು. ಕೊಡಗಿನಲ್ಲಿ ಆ ಕೆಲಸವನ್ನು ಮಾಡಿದವರು ರಿಕ್ಟರ್ ಅಯ್ಯನವರು. ಇವರು ಮಡಿಕೇರಿಯ ಸರಕಾರಿ ಸೆಂಟ್ರಲ್ ಶಾಲೆಗೆ ಮುಖ್ಯಸ್ಥರೂ ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರರೂ ಆಗಿದ್ದರು. ಈ ಸೀಮೆಯ ಭೂಮಿ, ಬೆಳೆ, ಜನ, ಆಚಾರ ಇವುಗಳನ್ನು ವಿವರಿಸುವ ಇವರ ದೊಡ್ಡ ಗ್ರಂಥವು 1870ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸೀಮೆಯನ್ನು ಅರಿಯದವನು ಅದರ ಶಾಲೆಗೆ ಬುದ್ಧಿ ಹೇಳಲಾರನು ಎಂಬದನ್ನು ಇವರಿಂದ ಕಲಿಯಬಹುದು.

ಇನ್ನೊಂದು ಪಾಠವನ್ನು 1914ರಲ್ಲಿ ಹುಟ್ಟಿದ ಮಹಾಯುದ್ಧವು ಕಲಿಸಿತು. ಜರ್ಮನಿಯ ಬೋಧಕರು ಕಾವಲಿನಲ್ಲಿಡಲ್ಪಟ್ಟು ದೇಶದಿಂದ ಕಳುಹಿಸಲ್ಪಟ್ಟರು. ಮಿಶನಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆದರೆ ಆ ಕಾರ್ಖಾನೆಗಳಲ್ಲಿ ಹಂಚು ಸುಡುವದನ್ನು ಕಲಿತವರ ವಿದ್ಯೆಯನ್ನು ಯಾರೂ ಒಯ್ಯಲಿಲ್ಲ. ಹಣವೂ ಆಡಳಿತವೂ ಹೊರಗೇ ಇದ್ದರೆ ಒಂದು ದಿನದಲ್ಲಿ ನಿಂತುಹೋಗಬಹುದು; ಕಲಿತ ವಿದ್ಯೆಯಾದರೋ ಊರಲ್ಲೇ ಉಳಿಯುವದು.

2. ಈಗಿನ ಆಲೋಚನೆಗಾರರು

ಈಗ ಇಂಥ ಸಹಾಯವು ಬೇರೆ ರೂಪದಲ್ಲಿ ಬರುತ್ತದೆ. 2009ರಲ್ಲಿ ಅಮೆರಿಕಾದಲ್ಲಿ ಸ್ಥಾಪಿತವಾದ ಎಡಿಫೈ ಎಂಬ ಸಂಸ್ಥೆಯು ಘಾನಾ, ರುವಾಂಡಾ, ಡೊಮಿನಿಕನ್ ಗಣರಾಜ್ಯ ಮೊದಲಾದ ದೇಶಗಳಲ್ಲಿ ಅಲ್ಪಶುಲ್ಕದ ಕ್ರೈಸ್ತ ಶಾಲೆಗಳಿಗೆ ಸಾಲ ದೊರಕುವಂತೆ ಮಾಡಿ, ಮುಖ್ಯೋಪಾಧ್ಯಾಯರಿಗೂ ಉಪಾಧ್ಯಾಯರಿಗೂ ತರಬೇತಿ ಕೊಡುತ್ತದೆ. ಇಂಥ ಸಾಲವು ದಾನವಲ್ಲವೆಂಬದನ್ನು ಮರೆಯಬಾರದು. ಬಹುಕಾಲ ಬಾಳುವ ಕೋಣೆಗಾಗಿಯೋ ಬಾವಿಗಾಗಿಯೋ ಸಾಲ ಮಾಡುವದು ಒಂದು ವಿಷಯ. ಸಂಬಳ ಕೊಡುವದಕ್ಕಾಗಿ ಸಾಲ ಮಾಡುವದು ಬೇರೆ ವಿಷಯ. ಎರಡನೆಯದು ಶಾಲೆಯನ್ನು ಮುಳುಗಿಸುವದು. ಹೊರದೇಶದಿಂದ ದಾನವೇ ಬರುವದಾದರೆ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಮೇರೆಗೆ ನೋಂದಣಿಯಾಗಲಿ ಮುಂಚಿತವಾದ ಅಪ್ಪಣೆಯಾಗಲಿ ಇಲ್ಲದೆ ಅದನ್ನು ತಕ್ಕೊಳ್ಳಕೂಡದು.

ಒಳ್ಳೇ ಆಲೋಚನೆಗಾರನು ಬಂದ ದಿನವೇ ಕಟ್ಟಡದ ನಕ್ಷೆಯನ್ನು ಬಿಡಿಸುವದಿಲ್ಲ. ಇತ್ರೋನನಂತೆ ಮೊದಲು ನೋಡುವನು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸುವನು. ಇದು ಸಣ್ಣ ಕೆಲಸವಲ್ಲ. ಹಿಂದೂದೇಶದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರೆಂದು 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆಯು ಮತ್ತೆ ಮತ್ತೆ ತೋರಿಸಿದೆ. ನಮ್ಮ ಸೀಮೆಯಲ್ಲಿ ಮಕ್ಕಳು ಮನೆಯಲ್ಲಿ ಕೊಡವ, ಮಲಯಾಳ, ಅರೆಭಾಷೆ, ತುಳು, ಎರವ ಮೊದಲಾದ ನುಡಿಗಳನ್ನಾಡಿ ಶಾಲೆಗೆ ಬರುತ್ತಾರೆ. ಬಾಗಲ ಮೇಲೆ ಇಂಗ್ಲಿಷ್ ಮಾಧ್ಯಮವೆಂದು ಬರೆದ ಮಾತ್ರಕ್ಕೆ ಅವರು ಓದುಬಲ್ಲವರಾಗುವದಿಲ್ಲ. ಹಲಗೆಯನ್ನಲ್ಲ, ಮಗುವಿನ ಓದನ್ನು ನೋಡಿರೆಂದು ಹೇಳುವ ಧೈರ್ಯ ಯಾರಿಗಿದೆಯೋ ಅವರ ಮಾತನ್ನು ಕೇಳಬೇಕು.

3. ಗೋಪುರ ಕಟ್ಟುವವನ ಲೆಕ್ಕ

ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಎಣಿಸುವನೆಂದು ಕರ್ತನು ಬೋಧಿಸಿದನು. ನಾವೂ ಎಣಿಸಿ ನೋಡೋಣ. ಇದು ಯಾವ ಶಾಲೆಯ ಲೆಕ್ಕವೂ ಅಲ್ಲ. ತಿಳುವಳಿಕೆಗಾಗಿ ಮಾತ್ರ ಬರೆದದ್ದು.

80 ಮಕ್ಕಳು, ತಿಂಗಳಿಗೆ 800 ರೂಪಾಯಿ ಶುಲ್ಕ, ವರುಷಕ್ಕೆ 10 ತಿಂಗಳು: ಒಟ್ಟು ವರಮಾನ 6,40,000 ರೂಪಾಯಿ. ನಾಲ್ವರು ಉಪಾಧ್ಯಾಯರಿಗೆ ತಿಂಗಳಿಗೆ 12,000 ರೂಪಾಯಿಯಂತೆ 12 ತಿಂಗಳ ಸಂಬಳ: 5,76,000 ರೂಪಾಯಿ. ಆ ಸಂಬಳ ಹೆಚ್ಚಲ್ಲವೆಂದು ಎಲ್ಲರೂ ಬಲ್ಲರು. ಉಳಿಯುವದು 64,000 ರೂಪಾಯಿ. ನೀರು, ದೀಪ, ಪುಸ್ತಕ, ಮಳೆಯಲ್ಲಿ ಸೋರುವ ಮಾಡಿನ ರಿಪೇರಿ ಎಲ್ಲವೂ ಅದರಲ್ಲೇ ಆಗಬೇಕು. ಈಗ ಐವರಲ್ಲಿ ಒಬ್ಬರಂತೆ 16 ಮಕ್ಕಳಿಂದ ಶುಲ್ಕ ಬರಲಿಲ್ಲವೆಂದು ತಿಳಿಯೋಣ. 1,28,000 ರೂಪಾಯಿ ಕಡಿಮೆಯಾಗಿ, ಉಳಿಯಬೇಕಾದ 64,000 ಹೋದದ್ದಲ್ಲದೆ ಸಂಬಳದಲ್ಲಿಯೂ 64,000 ಕೊರೆ ಬೀಳುತ್ತದೆ.

ಈ ಕೊರೆಯನ್ನು ಯಾರು ಹೊರುವರು? ಮಾತಾಡದೆ ಬಿಟ್ಟರೆ ಉಪಾಧ್ಯಾಯಿನಿಯೇ ಹೊರಬೇಕಾಗುವದು. ಎರಡು ತಿಂಗಳು ಸಂಬಳವಿಲ್ಲದೆ ತಾಳುವಳು. ಮೂರನೆಯ ತಿಂಗಳಲ್ಲಿ ಬೇರೆ ಊರಿಗೆ ಹೋಗುವಳು. ಇಲ್ಲವೆ ಶುಲ್ಕ ಕೊಡದ ಮಗುವನ್ನು ಹೊರಗೆ ನಿಲ್ಲಿಸುವರು. ಎರಡೂ ಕ್ರಿಸ್ತನ ನಾಮಕ್ಕೆ ಒಪ್ಪುವಂಥದ್ದಲ್ಲ. ಆದಕಾರಣ ಎಷ್ಟು ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸಬೇಕೆಂಬದನ್ನು ಸಭೆಯು ವರುಷದ ಮೊದಲೇ ನಿಶ್ಚಯಿಸಿ, ಆ ಹಣವನ್ನು ಸುಗ್ಗಿಯ ಕಾಣಿಕೆಯಿಂದ ಪ್ರತ್ಯೇಕವಾಗಿ ಎತ್ತಿಡಬೇಕು. ದಾನವನ್ನು ಸಭೆಯು ಮಾಡಲಿ. ಉಪಾಧ್ಯಾಯರ ಸಂಬಳದಿಂದ ದಾನ ಮಾಡುವದು ದಾನವಲ್ಲ.

ಶುಲ್ಕ ಕೇಳುವ ಕಾಲವನ್ನೂ ನೋಡಬೇಕು. ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಮಳೆ ಹಿಡಿದಿರುತ್ತದೆ. ಕಾವೇರಿ ಉಕ್ಕಿ ನಾಪೋಕ್ಲಿನ ದಾರಿಯ ಮೇಲೆ ನೀರು ನಿಲ್ಲುವದುಂಟು. ತೋಟದಲ್ಲಿ ಕೂಲಿಯೂ ಕಡಿಮೆ. ಲೈನ್ ಮನೆಗಳಲ್ಲಿರುವವರ ಕೈಗೆ ಹಣ ಬರುವದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿಯ ವರೆಗೆ, ಕಾಫಿ ಕುಯ್ಯುವ ಮತ್ತು ಕರಿಮೆಣಸು ಇಳಿಸುವ ಕಾಲದಲ್ಲಿ. ಪಟ್ಟಣದಿಂದ ಬಂದ ಆಲೋಚನೆಗಾರನಿಗೆ ಇದು ಗೊತ್ತಿರದು, ನಾವೇ ತಿಳಿಸಬೇಕು. ಮಳೆಗಾಲದಲ್ಲಿ ಸ್ವಲ್ಪವನ್ನೂ ಕುಯಿಲಿನಲ್ಲಿ ಹೆಚ್ಚನ್ನೂ ತಕ್ಕೊಳ್ಳುವ ಏರ್ಪಾಡಿನಿಂದ ಅನೇಕ ಮಕ್ಕಳು ಶಾಲೆಯಲ್ಲೇ ಉಳಿಯಬಹುದು.

4. ನ್ಯಾಯಕ್ಕೆ ಒಳಗಾಗಿರುವದು

ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ರಾಜ್ಯಾಂಗದ 30ನೆಯ ವಿಧಿಯು ಕೊಟ್ಟಿದೆ. ಆದರೆ ನಡೆಸುವ ಹಕ್ಕೆಂದರೆ ಕೆಡಿಸುವ ಹಕ್ಕಲ್ಲವೆಂಬ ಅರ್ಥದಲ್ಲಿ ಸರ್ವೋನ್ನತ ನ್ಯಾಯಾಲಯವು 1958ರಲ್ಲೇ ತಿಳಿಸಿತು. ಕರ್ನಾಟಕ ಶಿಕ್ಷಣ ಕಾಯಿದೆಯ ಪ್ರಕಾರ ಶಾಲೆಗೆ ನೋಂದಣಿಯೂ ಮಾನ್ಯತೆಯೂ ಬೇಕು. ಕುಡಿಯುವ ನೀರು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಸಾಕಷ್ಟು ಉಪಾಧ್ಯಾಯರು ಎಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುವವುಗಳನ್ನು ಕೇವಲ ಅಧಿಕಾರಿಗಳ ಭಯದಿಂದಲ್ಲ, ಮಕ್ಕಳ ಮೇಲಣ ಪ್ರೀತಿಯಿಂದ ನೆರವೇರಿಸತಕ್ಕದ್ದು.

ನಮ್ಮ ಶಾಲೆಗೆ ಕೊಡವರ, ಗೌಡರ, ಮುಸಲ್ಮಾನರ ಮಕ್ಕಳೂ ಬರುವರು. ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧನೆಗೆ ಕೂರಿಸಕೂಡದೆಂದು ರಾಜ್ಯಾಂಗದ 28ನೆಯ ವಿಧಿಯು ಹೇಳುತ್ತದೆ. ಇದರಿಂದ ನಮ್ಮ ಸಾಕ್ಷಿಗೆ ಕುಂದಿಲ್ಲ. ಸುಳ್ಳಿಲ್ಲದ ಲೆಕ್ಕಪುಸ್ತಕ, ಮಗುವಿನ ಮೇಲೆ ಕೈ ಎತ್ತದ ಉಪಾಧ್ಯಾಯರು, ತೋಟದ ಕೂಲಿಯ ಮಗುವನ್ನೂ ಯಜಮಾನನ ಮಗುವನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಪದ್ಧತಿ ಇವೇ ಕ್ರೈಸ್ತ ಶಾಲೆಯ ಗುರುತುಗಳು. ಇವು ಇಲ್ಲದಿದ್ದರೆ ಗೋಡೆಯ ಮೇಲೆ ಶಿಲುಬೆ ಇದ್ದರೂ ಪ್ರಯೋಜನವೇನು?

5. ಪಾಠದ ಸಾರ

ಆಲೋಚನೆಗಾರನನ್ನು ಗೌರವದಿಂದ ಬರಮಾಡಿಕೊಳ್ಳಿರಿ. ಅವನಿಗೆ ಲೆಕ್ಕವನ್ನು ಮುಚ್ಚಬೇಡಿರಿ. ಆದರೆ ಅವನು ಹೋದ ಮೇಲೆ ನಮ್ಮಲ್ಲಿ ಏನು ಉಳಿಯುವದೆಂದು ಮೊದಲೇ ಕೇಳಿರಿ. ಲೆಕ್ಕ ಬರೆಯಬಲ್ಲ ಒಬ್ಬ ಸಭಾ ಹಿರಿಯರು, ಓದು ಕಲಿಸುವದನ್ನು ಚೆನ್ನಾಗಿ ಬಲ್ಲ ಇಬ್ಬರು ಉಪಾಧ್ಯಾಯಿನಿಯರು ಉಳಿದರೆ ಆ ಆಲೋಚನೆ ಫಲಕೊಟ್ಟಿತು. ಹೊಸ ಹಲಗೆಯೂ ಹಳೇ ಸಾಲವೂ ಮಾತ್ರ ಉಳಿದರೆ ಅದು ವ್ಯರ್ಥವಾಯಿತು.

ಸಭೆಯಲ್ಲಿ ಮಾತಾಡುವದಕ್ಕಾಗಿ ಪ್ರಶ್ನೆಗಳು

1. ಇತ್ರೋನನು ಮೋಶೆಗೆ ಆಲೋಚನೆ ಹೇಳುವದಕ್ಕೆ ಮುಂಚೆ ಏನು ಮಾಡಿದನು?
2. ನಮ್ಮ ಸಭೆಯ ಮಕ್ಕಳಲ್ಲಿ ಶಾಲೆ ಬಿಟ್ಟವರು ಎಷ್ಟು ಮಂದಿ? ಯಾವ ತಿಂಗಳಲ್ಲಿ, ಯಾವ ಕಾರಣದಿಂದ ಬಿಟ್ಟರು?
3. ಶುಲ್ಕ ಕೊಡಲಾರದ ಒಂದು ಮಗುವಿನ ಭಾರವನ್ನು ಹೊರುವದಕ್ಕೆ ನಮ್ಮ ಸಭೆಯ ಎಷ್ಟು ಮನೆಗಳು ಕೂಡಬೇಕು?

ಪ್ರಾರ್ಥನೆಯ ವಿಷಯ: ಹಳ್ಳಿಯ ಶಾಲೆಗಳಲ್ಲಿ ಸ್ವಲ್ಪ ಸಂಬಳಕ್ಕೆ ಸೇವೆ ಮಾಡುವ ಉಪಾಧ್ಯಾಯರಿಗೋಸ್ಕರವೂ, ಅವರಿಗೆ ಆಲೋಚನೆ ಹೇಳುವವರಿಗೆ ದೀನಮನಸ್ಸೂ ಕೇಳುವ ನಮಗೆ ವಿವೇಕವೂ ದೊರೆಯುವ ಹಾಗೆಯೂ ಕರ್ತನನ್ನು ಬೇಡಿಕೊಳ್ಳೋಣ.